ನಿಮ್ಮ ನೆಲಕ್ಕೆ ಒಗ್ಗುವ ಕುರಿ ಹಿಂಡು ಕಟ್ಟುವುದು: ಮಂಡ್ಯ–ಮೈಸೂರು ರೈತರಿಗೆ ಹಂತ ಹಂತದ ಮಾರ್ಗದರ್ಶಿ

ಹೊಸದಾಗಿ ಕುರಿ ಕಟ್ಟಿದವರಲ್ಲಿ ಬಹಳ ಜನ ಎಡವುವುದು ಒಂದೇ ಜಾಗದಲ್ಲಿ. ಮೊದಲು ನೋಡಲು ಭರ್ಜರಿಯಾದ ಟಗರು ತರುತ್ತಾರೆ. ಆಮೇಲೆ ಸಂತೆಯಲ್ಲಿ ಸಿಕ್ಕ ಹೆಣ್ಣು ಕುರಿಗಳನ್ನು ಹೊಂದಿಸುತ್ತಾರೆ. ಮೇವಿನ ಯೋಚನೆ ಬರುವುದು ಶೆಡ್ ಎದ್ದ ಮೇಲೆ. ಮೊದಲ ಮಳೆಗಾಲದಲ್ಲಿ ಮರಿಗಳು ಒಂದರ ಹಿಂದೊಂದು ಹೋಗುತ್ತವೆ. ಆಗ ತಳಿಯನ್ನು ಬೈದು, ಇದ್ದದ್ದನ್ನೆಲ್ಲ ಮಾರಿ, ಇನ್ನೊಂದು ತಳಿ ತರುತ್ತಾರೆ. ಅದೂ ಹಾಗೇ ಆಗುತ್ತದೆ.

ಕೆಲಸದ ಸರದಿಯೇ ತಲೆಕೆಳಗಾಗಿದ್ದರೆ ಯಾವ ತಳಿಯೂ ಕೈ ಹಿಡಿಯದು. ಮೊದಲು ನೆಲ, ಆಮೇಲೆ ಹೆಣ್ಣು ಕುರಿ, ಕೊನೆಗೆ ಟಗರು. ಅದಾದ ಮೇಲೆ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ ನೋಡಿ, ನಿಮ್ಮ ನೆಲದಲ್ಲಿ ಗಟ್ಟಿಯಾಗಿ ನಿಂತ ಕುರಿಯ ಮಕ್ಕಳನ್ನೇ ಉಳಿಸಿಕೊಳ್ಳುತ್ತ ಹೋಗಬೇಕು. 20 ಹೆಣ್ಣು ಕುರಿ, 1 ಟಗರಿನ ಹಿಂಡನ್ನು ಲೆಕ್ಕಕ್ಕಿಟ್ಟುಕೊಂಡು ಇದನ್ನು ಬರೆದಿದ್ದೇನೆ.

## ಕೈಯಲ್ಲಿ ಇರಬೇಕಾದ ಸಾಮಾನು

ಕಿವಿ ಓಲೆ ಮತ್ತು ಅದನ್ನು ಹಾಕುವ ಇಕ್ಕಳ, ಕೊಕ್ಕೆಯ ತೂಕದ ಯಂತ್ರ, ಮರಿ ತೂಗಲು ಒಂದು ಗೋಣಿಚೀಲದ ತೊಟ್ಟಿಲು, ದಪ್ಪ ರಟ್ಟಿನ ನೋಟ್ ಪುಸ್ತಕ, ಟಿಂಚರ್ ಅಯೋಡಿನ್, ಥರ್ಮಾಮೀಟರ್, ಔಷಧಿ ಕುಡಿಸಲು ಸೂಜಿಯಿಲ್ಲದ ಸಿರಿಂಜ್, ಟಗರಿನ ಎದೆಗೆ ಬಳಿಯಲು ಕೆಮ್ಮಣ್ಣು ಮತ್ತು ಅಡುಗೆ ಎಣ್ಣೆ. ಟಗರನ್ನು ಹಿಂಡಿನಿಂದ ದೂರ ಕಟ್ಟಲು ಒಂದು ಪ್ರತ್ಯೇಕ ರೊಪ್ಪ, ಹೊಸ ಕುರಿ ಇಡಲು ಇನ್ನೊಂದು.

ಇವುಗಳಲ್ಲಿ ಜನ ಬಿಟ್ಟುಬಿಡುವುದು ತೂಕದ ಯಂತ್ರ ಮತ್ತು ಓಲೆಯನ್ನು. ಇವೆರಡೂ ಇಲ್ಲದೆ ನೀವು ಕುರಿ ಸಾಕಬಹುದು, ತಳಿ ಕಟ್ಟಲಾರಿರಿ.

## ಹಂತ 1: ನೆಲ ಯಾವುದೆಂದು ಗೊತ್ತುಮಾಡಿಕೊಳ್ಳಿ

ನಮ್ಮ ಎರಡು ಜಿಲ್ಲೆಗಳಲ್ಲೇ ನೆಲ ಮೂರು ಥರ ಇದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಮಂಡ್ಯ, ಮದ್ದೂರು, ಪಾಂಡವಪುರ, ಮಳವಳ್ಳಿ ಕಡೆ ಗದ್ದೆ ಬದು, ಕಬ್ಬು, ವರ್ಷದಲ್ಲಿ ಬಹುಪಾಲು ತೇವ. ನಾಗಮಂಗಲ ಮತ್ತು ನಂಜನಗೂಡಿನ ನಾಲೆ ಮುಟ್ಟದ ಊರುಗಳಲ್ಲಿ ಒಣ ಹೊಲ, ರಾಗಿ ಹುರುಳಿಯ ಕೂಳೆ. ಹುಣಸೂರಿನಿಂದ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಗೆ ಹೋದಂತೆ ಮುಂಗಾರಿನ ಜಡಿಮಳೆ, ಕೆಸರು.

ನಾಲೆ ಬಯಲಿನವರು ಮೊದಲು ತಿಳಿಯಬೇಕಾದದ್ದು ಈಲಿ ಹುಳುವಿನ ವಿಷಯ. ನೀರಂಚಿನ ಬಸವನಹುಳುವಿನ ಮೈಯಲ್ಲಿ ಬೆಳೆಯುವ ಇದರ ಮರಿಗಳು ಹೊರಬಂದು ಹುಲ್ಲಿಗೆ ಅಂಟಿ ಕೂರುತ್ತವೆ. ಕುರಿ ಆ ಹುಲ್ಲು ತಿಂದರೆ ಹುಳು ಈಲಿಗೆ ಸೇರುತ್ತದೆ. ಹಸಿರು ನೋಡಿ ಕುರಿಯನ್ನು ನಾಲೆ ಏರಿಗೆ, ಗದ್ದೆ ಬದುವಿಗೆ ಹೊಡೆಯುವವರು ಮೇವಿನ ಜೊತೆ ರೋಗವನ್ನೂ ತಿನ್ನಿಸುತ್ತಿರುತ್ತಾರೆ. ಅಲ್ಲಿನ ಹುಲ್ಲು ಬೇಕೇ ಬೇಕೆಂದರೆ ನೀರಿನ ಮಟ್ಟಕ್ಕಿಂತ ಮೇಲೆ ಕೊಯ್ದು, ಚೆನ್ನಾಗಿ ಒಣಗಿಸಿ ಹಾಕಿ.

ಒಣ ನೆಲದವರಿಗೆ ಕಷ್ಟ ಬೇರೆ. ಫೆಬ್ರವರಿ ಕಳೆದ ಮೇಲೆ ಮೇ ಮಳೆ ಬೀಳುವ ತನಕ ಹೊಲದಲ್ಲಿ ಏನೂ ಇರುವುದಿಲ್ಲ. ಆ ತಿಂಗಳುಗಳಿಗೆ ಹುರುಳಿ ಹೊಟ್ಟು, ಅವರೆ ಹೊಟ್ಟು, ರಾಗಿ ಹುಲ್ಲು ಕೂಡಿಟ್ಟಿದ್ದೀರೋ ಇಲ್ಲವೋ ಎಂಬುದರ ಮೇಲೆ ಕುರಿ ಸಂಖ್ಯೆ ನಿಲ್ಲಬೇಕು. 25 ಕೆಜಿ ತೂಗುವ ಕುರಿಗೆ ದಿನಕ್ಕೆ ಸುಮಾರು 3 ಕೆಜಿ ಹಸಿ ಮೇವು, ಅರ್ಧ ಕೆಜಿ ಹೊಟ್ಟು ಬೇಕು. ಇದನ್ನು 20ರಿಂದ ಗುಣಿಸಿ, ಮೇವಿಲ್ಲದ ದಿನಗಳಿಂದ ಗುಣಿಸಿ. ಬಂದ ಲೆಕ್ಕ ಕಣ್ಣು ಬಿಡಿಸಿದರೆ 12 ಕುರಿಗೆ ಇಳಿಯಿರಿ.

ಹಿಪ್ಪುನೇರಳೆ ಇರುವ ಮನೆಗಳಲ್ಲಿ ರೇಷ್ಮೆ ಹುಳು ತಿಂದು ಬಿಟ್ಟ ಕಡ್ಡಿ ಸೊಪ್ಪನ್ನು ಕುರಿಗೆ ಸುರಿಯುವ ವಾಡಿಕೆ ಇದೆ. ಒಳ್ಳೆಯ ಮೇವೇ. ಆದರೆ ಹಾಸಿಗೆಗೆ ಸುಣ್ಣ, ಸೋಂಕುನಾಶಕ ಪುಡಿ ಉದುರಿಸಿದ ದಿನದ ಕಸವನ್ನು ಮಾತ್ರ ಕುರಿ ಬಾಯಿಗೆ ಇಡಬೇಡಿ.

## ಹಂತ 2: ಹೆಣ್ಣು ಕುರಿ ಆರಿಸಿ

ಹತ್ತಿರದಿಂದ ತನ್ನಿ. 200 ಕಿಲೋಮೀಟರ್ ಆಚೆಯ ಒಳ್ಳೆ ಕುರಿಗಿಂತ ಪಕ್ಕದೂರಿನ ಸಾಧಾರಣ ಕುರಿ ಮೊದಲ ವರ್ಷ ನಿಮ್ಮನ್ನು ಕಾಪಾಡುತ್ತದೆ. ನಿಮ್ಮ ನೀರು, ನಿಮ್ಮ ಹುಲ್ಲು, ನಿಮ್ಮ ಕಡೆಯ ಹುಳು ಅದಕ್ಕೆ ಹೊಸದಲ್ಲ.

ನಮ್ಮ ಕಡೆಯ ತಳಿ ಬನ್ನೂರು ಕುರಿ. ಸರ್ಕಾರಿ ಕಾಗದದಲ್ಲಿ ಮಂಡ್ಯ ತಳಿ, ಮಳವಳ್ಳಿ ಕಡೆಯವರ ಬಾಯಲ್ಲಿ ಬಂಡೂರು. ಗಿಡ್ಡ ಕಾಲು, ತುಂಬಿದ ಮೈ, ಬಿಳಿ ಬಣ್ಣ, ಕೆಲವಕ್ಕೆ ಮುಖದಲ್ಲಿ ತಿಳಿ ಕಂದು, ಜೋತುಬಿದ್ದ ಎಲೆಯಂಥ ಕಿವಿ, ಗಂಡಿಗೂ ಹೆಣ್ಣಿಗೂ ಕೊಂಬಿಲ್ಲ. ಹಿಂದೆ ನಿಂತು ನೋಡಿದರೆ ಎರಡು ತೊಡೆಗಳ ನಡುವೆ ಕಮಾನು ಕಾಣಬೇಕು. ತೊಡೆ ಕಿರಿದಾಗಿ ಚೂಪು ಸಂದು ಕಂಡರೆ ಬೆರಕೆಯ ಗುಮಾನಿ ಇಟ್ಟುಕೊಳ್ಳಿ. ಬೆಳೆದ ಹೆಣ್ಣು ಸುಮಾರು 25 ಕೆಜಿ, ಟಗರು 35 ಕೆಜಿ ಆಸುಪಾಸು. ಈ ಕಾಲಿಗೆ ದಿನವಿಡೀ ದೂರ ನಡೆಯುವ ಕೆಲಸ ಹಿಡಿಸದು. ಅರ್ಧ ದಿನ ಹತ್ತಿರದ ಹೊಲದಲ್ಲಿ ಮೇಯಿಸಿ, ಸಂಜೆ ರೊಪ್ಪದಲ್ಲಿ ಹಾಕುವ ಮನೆಗೆ ಇದು ಸರಿಹೋಗುತ್ತದೆ. ಕುರಿ ಹಿಂದೆ ಊರೂರು ಅಲೆಯುವವರಿಗೆ ಬಳ್ಳಾರಿ, ಡೆಕ್ಕನಿ, ಕೆಂಗುರಿಯಂಥ ಉದ್ದ ಕಾಲಿನವೇ ಆಗಬೇಕು.

ಕೊಳ್ಳುವಾಗ ಈ ಸರದಿಯಲ್ಲೇ ನೋಡಿ:

ಬಾಯಿ. ಕೆಳಗಿನ ಮುಂಹಲ್ಲು ಮೇಲಿನ ಒಸಡಿಗೆ ಸರಿಯಾಗಿ ಕೂರಬೇಕು. ಮೇಲ್ದವಡೆ ಮುಂದೆ ಚಾಚಿದ್ದರೆ ಹುಲ್ಲು ಕತ್ತರಿಸಲಾಗದು, ಮರಿಗೂ ಅದೇ ಬರಬಹುದು. ಹಾಲುಹಲ್ಲು ಬಿದ್ದು ಎರಡೋ ನಾಲ್ಕೋ ದೊಡ್ಡ ಹಲ್ಲು ಬಂದದ್ದನ್ನು ಕೊಳ್ಳಿ. ಎಂಟೂ ಹಲ್ಲು ಬಂದು ಸವೆದ ಕುರಿ ಅಗ್ಗವಾಗಿ ಸಿಗುತ್ತದೆ, ಆದರೆ ಅದರಿಂದ ಒಂದೆರಡು ಸೂಲಿಗಿಂತ ಹೆಚ್ಚು ಎದುರು ನೋಡಬೇಡಿ.

ಕಣ್ಣು. ಹೆಬ್ಬೆರಳಿನಿಂದ ಕೆಳ ರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು, ಮೇಲಿನ ರೆಪ್ಪೆಯ ಮೇಲೆ ಸ್ವಲ್ಪ ಒತ್ತಿ. ಒಳಗಿನ ಚರ್ಮ ಹೊರಗೆ ಉಬ್ಬಿ ಬರುತ್ತದೆ. ಕೆಂಪಾಗಿದ್ದರೆ ರಕ್ತ ಚೆನ್ನಾಗಿದೆ. ತಿಳಿ ಗುಲಾಬಿಯಾದರೆ ಅನುಮಾನ. ಕಾಗದದಂತೆ ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳು ತುಂಬಿರುವ ಸಾಧ್ಯತೆ ಹೆಚ್ಚು. ಬಿಸಿಲಿನ ಬೆಳಕಲ್ಲೇ ನೋಡಿ, ಶೆಡ್ಡಿನ ಬಲ್ಬಿನ ಕೆಳಗೆ ಎಲ್ಲವೂ ಒಂದೇ ಬಣ್ಣ.

ಬೆನ್ನು. ಸೊಂಟದ ಮೇಲೆ ಅಂಗೈ ಇಟ್ಟು ಬೆನ್ನೆಲುಬನ್ನು ಮುಟ್ಟಿ ನೋಡಿ. ಮೂಳೆ ಚುಚ್ಚಿದರೆ ಬಡಕಲು, ಸಿಗದೇ ಹೋದರೆ ಅತಿ ಕೊಬ್ಬು. ತುಪ್ಪಳದಿಂದ, ತುಂಬಿದ ಹೊಟ್ಟೆಯಿಂದ ಕಣ್ಣು ಮೋಸ ಹೋಗುತ್ತದೆ, ಅಂಗೈ ಹೋಗುವುದಿಲ್ಲ.

ಕೆಚ್ಚಲು. ಎರಡೂ ಕಡೆ ಮೆತ್ತಗಿರಬೇಕು. ಒಳಗೆ ಗಂಟು ಸಿಕ್ಕರೆ ಬಿಟ್ಟುಬಿಡಿ. ಕೊನೆಗೆ ನಾಲ್ಕೂ ಗೊರಸು ನೋಡಿ, ಹತ್ತು ಹೆಜ್ಜೆ ನಡೆಸಿ.

ತಂದ ಕುರಿಯನ್ನು ಹಿಂಡಿಗೆ ಬಿಡದೆ 3ರಿಂದ 4 ವಾರ ಬೇರೆ ರೊಪ್ಪದಲ್ಲಿಡಿ. ಕಿರುಗಾವಲು, ಬನ್ನೂರು ಕಡೆಯ ವ್ಯಾಪಾರಿಗಳ ಬಳಿ ಕೊಂಡರೂ ಅಷ್ಟೆ, ನೆಂಟರ ಮನೆಯಿಂದ ಬಂದರೂ ಅಷ್ಟೆ. ಈ ದಿನಗಳಲ್ಲಿ ಓಲೆ ಹಾಕಿ, ತೂಕ ಬರೆದು, ಪಶುವೈದ್ಯರ ಕೈಲಿ ಸಗಣಿ ಪರೀಕ್ಷೆ ಮಾಡಿಸಿ ಜಂತುಹುಳುವಿನ ಔಷಧಿ ಕೊಡಿಸಿ. ಪಿಪಿಆರ್ (ಕುರಿ ಪ್ಲೇಗ್), ಕರುಳುಬೇನೆ, ನೀಲಿನಾಲಿಗೆ ರೋಗದ ಲಸಿಕೆಗಳನ್ನು ಟಗರು ಬಿಡುವ ಮೊದಲೇ, ಮುಂಗಾರು ಹಿಡಿಯುವ ಮುಂಚೆಯೇ ಮುಗಿಸಿ. ನೀಲಿನಾಲಿಗೆ ರೋಗವನ್ನು ಹರಡುವುದು ಕಚ್ಚುವ ಸಣ್ಣ ನೊಣಗಳು. ಮಳೆ ನಿಂತು ತೇವ ಉಳಿದ ತಿಂಗಳುಗಳಲ್ಲಿ ಅದರ ಹಾವಳಿ ಜೋರು. ಆಗ ಲಸಿಕೆಗೆ ಓಡಿದರೆ ತಡವಾಗಿರುತ್ತದೆ.

## ಹಂತ 3: ಈಗ ಟಗರು

ಒಂದು ಕುರಿ ವರ್ಷಕ್ಕೆ ಒಂದು ಮರಿಗೆ ತಾಯಿ, ಒಂದು ಟಗರು ಆ ವರ್ಷದ ಎಲ್ಲ ಮರಿಗಳಿಗೂ ತಂದೆ. ಆದ್ದರಿಂದ ಟಗರಿನ ಮೈಕಟ್ಟು ನೋಡುವ ಮೊದಲು ಅದರ ತಾಯಿಯನ್ನು ನೋಡಲು ಕೇಳಿ. ತಾಯಿ ಯಾರ ಸಹಾಯವಿಲ್ಲದೆ ಈಯುತ್ತದೆಯೇ? ಹಾಲು ಸಾಕಾಗುತ್ತದೆಯೇ? ಮಳೆಗಾಲದಲ್ಲಿ ಎಷ್ಟು ಸಲ ಔಷಧಿ ಬೇಕಾಯಿತು? ತಾಯಿಯನ್ನು ತೋರಿಸಲಾಗದ ಟಗರನ್ನು ಬೀಜಕ್ಕೆ ತರಬೇಡಿ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರವಿದೆ, ಬಂಡೂರು ತಳಿಯ ಬಗ್ಗೆ ಅಲ್ಲಿ ವಿಚಾರಿಸಬಹುದು.

ಒಂದೂವರೆ ವರ್ಷ ದಾಟಿದ, ಎರಡು ಹಲ್ಲು ಬಂದ ಟಗರು ಕೆಲಸಕ್ಕೆ ಸರಿ. ಬೀಜ ಎರಡೂ ಒಂದೇ ಗಾತ್ರ, ಗಟ್ಟಿಯಾಗಿ, ಚೀಲದೊಳಗೆ ಸಲೀಸಾಗಿ ಸರಿಯುವಂತಿರಬೇಕು. ಒಂದು ಸಣ್ಣದಾಗಿದ್ದರೆ, ಗಂಟಿದ್ದರೆ, ಒಂದೇ ಇಳಿದಿದ್ದರೆ ಬೇಡ. ಗಬ್ಬ ಹೋಗಿಸುವ ಬ್ರೂಸೆಲ್ಲಾ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸದೆ ಹಿಂಡಿಗೆ ಬಿಡಬೇಡಿ. ಹಿಂಗಾಲು ವಿಶೇಷವಾಗಿ ನೋಡಿ. ಹತ್ತುವಾಗ ಇಡೀ ಭಾರ ಅದರ ಮೇಲೆಯೇ ಬೀಳುವುದು.

ದೊಡ್ಡ ತಳಿಯ ಟಗರಿನ ಆಸೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಡಾರ್ಪರ್‌ನಂಥ ಭಾರೀ ಟಗರನ್ನು 25 ಕೆಜಿಯ ಬನ್ನೂರು ಕುರಿಗೆ, ಅದರಲ್ಲೂ ಮೊದಲ ಸೂಲಿನದಕ್ಕೆ ಬಿಟ್ಟರೆ ಮರಿ ಸಿಕ್ಕಿಕೊಂಡು ತಾಯಿ ಮರಿ ಎರಡೂ ಹೋಗುವ ಅಪಾಯ ಇದೆ. ಬೆರಕೆ ಮಾಡಲೇಬೇಕೆಂದರೆ ಎರಡು ಮೂರು ಸಲ ಈದ, ಮೈ ದೊಡ್ಡದಿರುವ ಕೆಲವೇ ಕುರಿಗಳನ್ನು ಬೇರೆ ಮಾಡಿ ಅವಕ್ಕೆ ಮಾತ್ರ ಬಿಡಿ. ಆ ಮರಿಗಳನ್ನು, ಗಂಡಾಗಲಿ ಹೆಣ್ಣಾಗಲಿ, ಮಾಂಸಕ್ಕೇ ಮಾರಿ. ಬೆರಕೆ ಹೆಣ್ಣನ್ನು ಚೆನ್ನಾಗಿದೆಯೆಂದು ಉಳಿಸಿಕೊಂಡ ದಿನದಿಂದ ನಿಮ್ಮ ಹಿಂಡಿನ ಗುಣ ಹಿಡಿತ ತಪ್ಪುತ್ತದೆ.

ಅವಳಿ ಮರಿಗೆ ಹೆಸರಾದ ನಾರಿ ಸುವರ್ಣ ತಳಿಯನ್ನು ಮಹಾರಾಷ್ಟ್ರದ ಫಲ್ಟಣ್‌ನಲ್ಲಿ ರೂಪಿಸಿದರು. ಆ ಗುಣ ರಕ್ತದಲ್ಲಿ ನಿಜವಾಗಿಯೂ ಬರುತ್ತದೆ. ಆದರೆ ಎರಡು ಮರಿಗೆ ಹಾಲು ಕೊಡುವಷ್ಟು ಮೇವು ತಾಯಿಗೆ ಹಾಕದಿದ್ದರೆ ಅವಳಿ ಹುಟ್ಟುವುದು ಸಾಯಲಿಕ್ಕೇ. ಕಾಳು, ಹಿಂಡಿ ಕೊಟ್ಟು ಶೆಡ್ಡಿನಲ್ಲೇ ಸಾಕುವವರು ಯೋಚಿಸಬಹುದು, ಕೂಳೆ ನಂಬಿದವರಿಗೆ ಬೇಡ.

## ಹಂತ 4: ಕಾಲ ಗೊತ್ತುಮಾಡಿ

ಟಗರು ವರ್ಷವಿಡೀ ಹಿಂಡಿನಲ್ಲೇ ಇರುವುದು ನಮ್ಮ ಕಡೆಯ ಅತಿ ದೊಡ್ಡ ತಪ್ಪು. ಮರಿ ಯಾವಾಗ ಬೇಕಾದರೂ ಹುಟ್ಟುತ್ತದೆ. ಯಾವುದರ ತಂದೆ ಯಾರೆಂದು ತಿಳಿಯುವುದಿಲ್ಲ, ಎಳೆ ಹೆಣ್ಣು ಮರಿಗಳೂ ತಂದೆಯಿಂದಲೇ ಗಬ್ಬವಾಗುತ್ತವೆ.

ಕುರಿಯ ಗಬ್ಬ ಸುಮಾರು 150 ದಿನ. ಜೂನ್ ನಡುವೆ ಟಗರು ಬಿಟ್ಟರೆ ನವೆಂಬರ್ ನಡುವಿನಿಂದ ಮರಿ. ಮೇ ಮಳೆಯ ಚಿಗುರು ತಿಂದು ಮೈ ತುಂಬಿಕೊಂಡ ಕುರಿ ಬೆದೆಗೆ ಚೆನ್ನಾಗಿ ಬರುತ್ತದೆ. ಮರಿ ಹುಟ್ಟುವ ಹೊತ್ತಿಗೆ ಮಳೆ ಕಡಿಮೆಯಾಗಿ, ರಾಗಿ ಹುರುಳಿ ಕೊಯ್ಲಾಗಿ ಹೊಲದಲ್ಲಿ ಕೂಳೆ ಸಿಗುತ್ತದೆ, ತಾಯಿಗೆ ಹಾಲು ಬರುತ್ತದೆ. ಗಂಡು ಮರಿಗಳು ಮುಂದಿನ ಪಿತೃಪಕ್ಷದ ಹೊತ್ತಿಗೆ ಒಂಬತ್ತು ಹತ್ತು ತಿಂಗಳಿನವಾಗಿ, ಮಾರ್ನಮಿಯ ಎಡೆಗೆ ನಮ್ಮ ಕಡೆ ಮಾಂಸಕ್ಕೆ ಬೇಡಿಕೆ ಏರುವಾಗಲೇ ಕೈಗೆ ಬರುತ್ತವೆ. ಇನ್ನೂ ಕಟ್ಟಿ ಮೇಯಿಸಿದರೆ ಯುಗಾದಿ ಮಾರನೆಯ ದಿನದ ಹೊಸತೊಡಕಿಗೂ ಆಗುತ್ತವೆ. ಬಕ್ರೀದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಅದನ್ನು ಬೆನ್ನಟ್ಟಿ ಟಗರು ಬಿಡುವ ತಿಂಗಳು ಬದಲಿಸುತ್ತ ಹೋದರೆ ಒಂದು ವರ್ಷ ಮರಿ ಹುಟ್ಟುವುದು ಜಡಿಮಳೆಯಲ್ಲಿ.

ಜಡಿಮಳೆ ಸೀಮೆಯವರು ಜೂನ್, ಜುಲೈನಲ್ಲಿ ಮರಿ ಹುಟ್ಟದಂತೆ ನೋಡಿಕೊಂಡರೆ ಅರ್ಧ ಸಾವು ತಪ್ಪುತ್ತದೆ. ಅಂದರೆ ಜನವರಿ, ಫೆಬ್ರವರಿಯಲ್ಲಿ ಟಗರು ಹಿಂಡಿನ ಹತ್ತಿರವೂ ಸುಳಿಯಬಾರದು.

## ಹಂತ 5: ಟಗರು ಬಿಡಿ, 51 ದಿನಕ್ಕೆ ತೆಗೆಯಿರಿ

ಬಿಡುವ ಮೂರು ವಾರ ಮೊದಲಿನಿಂದ ಹೆಣ್ಣು ಕುರಿಗೆ ದಿನಕ್ಕೆ ಸುಮಾರು 200 ಗ್ರಾಂ ಕಾಳಿನ ಮಿಶ್ರಣ ಕೊಡಿ. ನುಚ್ಚು ಮಾಡಿದ ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ, ಬೂಸ ಆದೀತು. 50 ಗ್ರಾಂನಿಂದ ಶುರುಮಾಡಿ ವಾರದಲ್ಲಿ ಏರಿಸಿ. ಒಮ್ಮೆಗೇ ಸುರಿದರೆ ಹೊಟ್ಟೆ ಹುಳಿಯಾಗಿ ಕುರಿ ಸಾಯುತ್ತದೆ. ಮದುವೆ ಮನೆಯ ಮಿಕ್ಕ ಅನ್ನ ತಿಂದ ಕುರಿ ಸಾಯುವುದೂ ಇದರಿಂದಲೇ. ಹಸುವಿನ ಖನಿಜ ಮಿಶ್ರಣವನ್ನು ಕುರಿಗೆ ಹಾಕಬೇಡಿ. ಅದರಲ್ಲಿ ಹಸುವಿಗೆ ತಕ್ಕಷ್ಟು ತಾಮ್ರ ಇರುತ್ತದೆ. ಕುರಿಯ ಈಲಿ ಅದನ್ನು ಹೊರಹಾಕಲಾರದೆ ಕೂಡಿಟ್ಟುಕೊಂಡು ಒಂದು ದಿನ ವಿಷವಾಗುತ್ತದೆ.

ಕುರಿ 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದು ದಿನ, ಒಂದೂವರೆ ದಿನ ಇರುತ್ತದೆ. ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಟಗರಿನ ಎದೆಗೆ ಬಳಿಯಿರಿ. ಹತ್ತಿದ ಕುರಿಯ ಸೊಂಟದ ಮೇಲೆ ಕೆಂಪು ಅಂಟುತ್ತದೆ. ದಿನಾ ಬೆಳಗ್ಗೆ ಓಲೆ ನಂಬರು, ತಾರೀಖು ಬರೆಯಿರಿ. 17 ದಿನವಾದ ಮೇಲೆ ಕೆಮ್ಮಣ್ಣು ಬಿಟ್ಟು ಇದ್ದಿಲು ಪುಡಿ ಕಲಸಿ ಬಳಿಯಿರಿ. ಕೆಂಪಿನ ಮೇಲೆ ಕಪ್ಪು ಬಿದ್ದರೆ ಆ ಕುರಿ ಮೊದಲ ಸಲ ನಿಂತಿಲ್ಲ. ಒಂದೆರಡು ಹಾಗಾದರೆ ಚಿಂತೆಯಿಲ್ಲ. ಹಿಂಡಿನ ಬಹುಪಾಲು ಕುರಿಗೆ ಎರಡನೇ ಬಣ್ಣ ಬಿದ್ದರೆ ದೋಷ ಟಗರಿನದು, ಕಾಯದೆ ಬದಲಿಸಿ.

ಮೂರು ಬೆದೆ, 51 ದಿನ. ಆಮೇಲೆ ಟಗರನ್ನು ಪ್ರತ್ಯೇಕ ರೊಪ್ಪಕ್ಕೆ ಕಟ್ಟಿ. ಇದರ ಲಾಭ ಮರಿ ಆರಿಸುವಾಗ ಕಾಣುತ್ತದೆ: ಎಲ್ಲ ಮರಿಗಳೂ ಹತ್ತಿರ ಹತ್ತಿರ ಒಂದೇ ವಯಸ್ಸಿನವಾದ್ದರಿಂದ ಒಂದರ ಪಕ್ಕ ಒಂದು ನಿಲ್ಲಿಸಿ ಹೋಲಿಸಬಹುದು.

## ಹಂತ 6: ಗಬ್ಬದ ಕುರಿ

ಮೊದಲ ತಿಂಗಳು ಆಲ್ಬೆಂಡಜೋಲ್ ಕುಡಿಸಬೇಡಿ, ಹೊಟ್ಟೆಯ ಮರಿಗೆ ಅಂಗದೋಷ ಬರಬಹುದು. ಕೊನೆಯ ಆರು ವಾರ ಮತ್ತೆ 200–250 ಗ್ರಾಂ ಕಾಳು ಕೊಡಿ, ಮರಿ ಮೈ ಹಿಡಿಯುವುದು ಆಗಲೇ. ಈಯುವ ತಿಂಗಳ ಮುಂಚೆ ಕರುಳುಬೇನೆ ಲಸಿಕೆಯ ಇನ್ನೊಂದು ಸುತ್ತು ಹಾಕಿಸಿದರೆ ರಕ್ಷಣೆ ಗಿಣ್ಣು ಹಾಲಿನಲ್ಲಿ ಮರಿಗೂ ಇಳಿಯುತ್ತದೆ.

ತಿನ್ನುವುದು ಬಿಟ್ಟು ಮೂಲೆಯಲ್ಲಿ ನಿಲ್ಲುವ, ಕಣ್ಣು ಕಾಣದಂತೆ ಗೋಡೆಗೆ ತಲೆಯಿಡುವ ತುಂಬು ಗಬ್ಬದ ಕುರಿಗೆ ಅದೇ ದಿನ ವೈದ್ಯರು ಬೇಕು. ಗಬ್ಬ ಹೋದರೆ ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ರೂಸೆಲ್ಲಾ ಮನುಷ್ಯರಿಗೂ ಅಂಟುತ್ತದೆ. ಎರಡನೆಯದಕ್ಕೂ ಹಾಗಾದರೆ ಪರೀಕ್ಷೆ ಮಾಡಿಸಲೇಬೇಕು.

## ಹಂತ 7: ಈಯುವ ಹೊತ್ತು

ಇಲ್ಲಿ ನಿಮ್ಮ ಕೆಲಸ ಹೆಚ್ಚಾಗಿ ನೋಡುವುದು, ಬರೆಯುವುದು. ನೀರುಚೀಲ ಒಡೆದ ಮೇಲೆ ಮುಂಗಾಲೆರಡು, ಅವುಗಳ ಮೇಲೆ ಒರಗಿದ ಮೂತಿ ಕಂಡರೆ ಸುಮ್ಮನಿರಿ. ಒಂದು ಗಂಟೆ ಮುಕ್ಕಿದರೂ ಏನೂ ಬರದಿದ್ದರೆ, ಬರೀ ತಲೆ ಬಂದರೆ, ಬಾಲ ಮೊದಲು ಬಂದರೆ ವೈದ್ಯರಿಗೆ ಫೋನ್ ಮಾಡಿ.

ಮರಿ ಬಿದ್ದ ಕೂಡಲೇ ಮೂಗು ಬಾಯಿಯ ಲೋಳೆ ಒರೆಸಿ ತಾಯಿಯ ಮೂತಿಯ ಮುಂದೆ ಇಡಿ. ಬಟ್ಟೆಯಲ್ಲಿ ಚೊಕ್ಕವಾಗಿ ಒರೆಸಬೇಡಿ. ತಾಯಿ ನೆಕ್ಕಿ ಆ ವಾಸನೆಯಿಂದಲೇ ಮರಿಯನ್ನು ಗುರುತಿಟ್ಟುಕೊಳ್ಳುತ್ತದೆ. ಹೊಕ್ಕುಳನ್ನು ಟಿಂಚರ್ ಅಯೋಡಿನ್ ಬಟ್ಟಲಲ್ಲಿ ಅದ್ದಿ. ತಾಯಿಯ ಮೊಲೆತೊಟ್ಟನ್ನು ಒಮ್ಮೆ ಹಿಂಡಿ, ಬಾಯಿಗೆ ಕಟ್ಟಿಕೊಂಡ ಮೇಣದಂಥ ಗಟ್ಟಿ ತೆಗೆಯಿರಿ. ಎಷ್ಟೋ ಮರಿಗಳು ತಾಯಿಯ ಕೆಚ್ಚಲು ತುಂಬಿದ್ದರೂ ಇದೊಂದರಿಂದ ಹಸಿದು ಸಾಯುತ್ತವೆ. ಮೊದಲ ಒಂದು ಗಂಟೆಯಲ್ಲಿ ಗಿಣ್ಣು ಹಾಲು ಹೊಟ್ಟೆಗೆ ಇಳಿಯಲೇಬೇಕು. 2 ಕೆಜಿ ಮರಿಗೆ ಮೊದಲ ದಿನ ಒಟ್ಟು 200 ಮಿಲಿಲೀಟರ್‌ಗೆ ಕಡಿಮೆಯಾಗದಿರಲಿ. ಕುಡಿದ ಮರಿ ಮೈ ಮುರಿದು ಮಲಗುತ್ತದೆ. ಬೆನ್ನು ಗೂನು ಮಾಡಿ ನಿಂತು ಅರಚುತ್ತಿದ್ದರೆ ಹೊಟ್ಟೆ ಖಾಲಿ, ಬಾಯೊಳಗೆ ಬೆರಳಿಟ್ಟು ನೋಡಿ, ತಣ್ಣಗಿದ್ದರೆ ಮೊದಲು ಮೈ ಬೆಚ್ಚಗೆ ಮಾಡಿ, ಆಮೇಲೆ ಹಾಲು.

ಅದೇ ದಿನ ಬರೆಯಬೇಕಾದದ್ದು: ತಾಯಿ ನಂಬರು, ಗಂಡೋ ಹೆಣ್ಣೋ, ತೂಕ, ತಾನೇ ಈಯಿತೋ ಎಳೆಯಬೇಕಾಯಿತೋ, ತಾಯಿ ಮರಿಯನ್ನು ಸೇರಿಸಿಕೊಂಡಿತೋ ಇಲ್ಲವೋ.

## ಹಂತ 8: ಉಳಿಸುವುದು ಯಾವುದು, ಮಾರುವುದು ಯಾವುದು

ತಳಿ ಕಟ್ಟುವ ಕೆಲಸವೆಲ್ಲ ಇಲ್ಲಿ. ಹಿಂದಿನದೆಲ್ಲ ಇದಕ್ಕೆ ತಯಾರಿ.

ಮೂರು ತಿಂಗಳಿಗೆ ಮರಿಯನ್ನು ತಾಯಿಯಿಂದ ಬಿಡಿಸುವ ದಿನ ಎಲ್ಲವನ್ನೂ ತೂಗಿ. ಅವಳಿಯನ್ನು ಒಂಟಿಯ ಜೊತೆ ಹೋಲಿಸಬೇಡಿ, ಅವಳಿಯಾಗಿಯೂ ಹತ್ತಿರದ ತೂಕ ಬಂದಿದ್ದರೆ ಆ ತಾಯಿ ಬಂಗಾರ. ಮೊದಲ ಸೂಲಿನ ಕುರಿಯ ಮರಿಗೂ ಸ್ವಲ್ಪ ರಿಯಾಯಿತಿ ಇರಲಿ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಪ್ರತಿ ಕುರಿಯ ಕಣ್ಣಿನ ರೆಪ್ಪೆ ನೋಡಿ. ಬಿಳಿಚಿದವಕ್ಕೆ ಮಾತ್ರ ತೂಗಿ ಅಳೆದು ಔಷಧಿ ಕುಡಿಸಿ, ನಂಬರು ಬರೆಯಿರಿ. ಇಡೀ ಹಿಂಡಿಗೆ ತಿಂಗಳಿಗೊಮ್ಮೆ ಕುಡಿಸುವ ಅಭ್ಯಾಸದಿಂದ ಎರಡು ನಷ್ಟ: ಔಷಧಿಗೆ ಜಗ್ಗದ ಹುಳು ಉಳಿದು ಬೆಳೆಯುತ್ತದೆ, ಯಾವ ಕುರಿ ತಾನಾಗಿ ತಡೆದುಕೊಳ್ಳುತ್ತದೆ ಎಂಬುದು ನಿಮಗೆ ತಿಳಿಯುವುದೇ ಇಲ್ಲ. ನಾಲ್ಕು ತಿಂಗಳಲ್ಲಿ ಒಮ್ಮೆಯೂ ಬಿಳಿಚದ ಕುರಿ ಯಾವುದು, ಮೂರು ಸಲ ಬಿಳಿಚಿದ್ದು ಯಾವುದು ಎಂಬ ಪಟ್ಟಿಯೇ ನಿಮ್ಮ ನೆಲದ ತೀರ್ಪು. ಗಂಟಲ ಕೆಳಗೆ ನೀರು ತುಂಬಿದ ಊತ ಕಂಡರೆ ಕಣ್ಣು ನೋಡುತ್ತ ಕೂರದೆ ಚಿಕಿತ್ಸೆ ಕೊಡಿಸಿ. ಈಲಿ ಹುಳುವಿಗೆ ಬೇರೆ ಔಷಧಿ ಬೇಕಾಗಬಹುದು, ಸಗಣಿ ಪರೀಕ್ಷೆಯಿಲ್ಲದೆ ಅಂಗಡಿಯವರು ಕೊಟ್ಟದ್ದನ್ನು ಕುಡಿಸಬೇಡಿ.

ಹಿಂಡಿನಿಂದ ಹೊರಡಬೇಕಾದವು: ಎರಡು ವರ್ಷ ಗಬ್ಬ ನಿಲ್ಲದ್ದು, ಮರಿಯನ್ನು ಒದ್ದು ಓಡಿಸುವುದು, ಕೆಚ್ಚಲು ಕೆಟ್ಟದ್ದು, ಗೊರಸು ಕೊಳೆ ಮತ್ತೆ ಮತ್ತೆ ಬರುವುದು, ಮೂರು ಸಲ ಬಿಳಿಚಿದ್ದು. ಎಷ್ಟೇ ಚೆಂದದ ಕುರಿಯಾಗಿರಲಿ. ಮನೆಯವರ ಮುದ್ದಿನ ಕುರಿ ಎಂದು ಉಳಿಸಿಕೊಂಡರೂ ಅದರ ಮರಿಯನ್ನು ಬೀಜಕ್ಕೆ ಬಿಡಬೇಡಿ.

20ರ ಹಿಂಡಿಗೆ ವರ್ಷಕ್ಕೆ 4–5 ಹೆಣ್ಣು ಮರಿ ಉಳಿಸಿಕೊಂಡರೆ ಸಾಕು. ತಾಯಿಯ ಪುಟ ಮೊದಲು, ಮರಿಯ ತೂಕ ಆಮೇಲೆ, ಅಂದ ಕೊನೆಗೆ. ಬೆಳೆದ ಕುರಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಬರುವ ತನಕ ಅವನ್ನು ಟಗರಿಗೆ ತೋರಿಸಬೇಡಿ.

ಜನ ಇಲ್ಲಿ ಮಾಡುವ ತಪ್ಪು ಕೈಯಲ್ಲಿ ದುಡ್ಡಿಲ್ಲದ ತಿಂಗಳಿನದು. ಮೊದಲು ಬಲಿತದ್ದಕ್ಕೆ ಹೆಚ್ಚು ಬೆಲೆ, ಅದನ್ನೇ ಮಾರುತ್ತಾರೆ, ಹಿಂದುಳಿದದ್ದು ಹಿಂಡಿನಲ್ಲಿ ಉಳಿದು ತಾಯಿಯಾಗುತ್ತದೆ. ಹೀಗೆ ನಾಲ್ಕು ವರ್ಷ ಮಾಡಿದರೆ ಹಿಂಡು ತಾನಾಗಿ ಕುಗ್ಗುತ್ತದೆ. ಆರಿಸಿದ ಹೆಣ್ಣು ಮರಿಗಳ ಓಲೆಯನ್ನು ಬೇರೆ ಬಣ್ಣದ್ದಕ್ಕೆ ಬದಲಿಸಿಬಿಡಿ. ವ್ಯಾಪಾರಿ ಮನೆ ಬಾಗಿಲಿಗೆ ಬಂದಾಗ ಮನೆಯಲ್ಲಿ ಯಾರಿದ್ದರೂ ಆ ಬಣ್ಣದ ಓಲೆಗೆ ಬೆಲೆ ಹೇಳಬಾರದು.

## ಹಂತ 9: ಟಗರು ಬದಲಿಸಿ

ಒಂದು ಟಗರಿಗೆ ಎರಡು ವರ್ಷದ ಬೆದೆಗಾಲ ಸಾಕು. ಮೂರನೆಯ ವರ್ಷಕ್ಕೆ ಅದರ ಹೆಣ್ಣು ಮಕ್ಕಳೇ ಹಿಂಡಿನಲ್ಲಿರುತ್ತವೆ. ತಂದೆ ಮಗಳ ಮರಿಗಳಲ್ಲಿ ಸಾವು ಹೆಚ್ಚು, ಬೆಳವಣಿಗೆ ಕಡಿಮೆ, ದವಡೆ ಕಾಲಿನ ದೋಷವೂ ಹೊರಬೀಳುತ್ತದೆ. ಮರಿ ಸಣ್ಣದಾಗುತ್ತಿವೆ, ಗಬ್ಬ ಸರಿಯಾಗಿ ನಿಲ್ಲುತ್ತಿಲ್ಲ ಎಂದು ಮೇವು ಬದಲಿಸುವವರು ಮೊದಲು ಟಗರಿನ ವಯಸ್ಸು ನೋಡಲಿ.

ದುಡ್ಡು ಕೊಟ್ಟೇ ತರಬೇಕೆಂದಿಲ್ಲ. ಒಂದೇ ಥರದ ನೆಲ, ಒಂದೇ ತಳಿ, ಪುಸ್ತಕ ಬರೆಯುವ ಅಭ್ಯಾಸ ಇರುವ ಮೂರು ನಾಲ್ಕು ಮನೆಯವರು ಸೇರಿ ಸುತ್ತು ಹಾಕಿಕೊಳ್ಳಿ: ಒಂದನೇ ಮನೆಯ ಟಗರು ಎರಡನೇ ಮನೆಗೆ, ಎರಡನೆಯದು ಮೂರನೆಯದಕ್ಕೆ, ಯಾವಾಗಲೂ ಒಂದೇ ದಿಕ್ಕಿನಲ್ಲಿ. ಇದಕ್ಕಾಗಿ ಪ್ರತಿ ಮನೆಯವರೂ ತಮ್ಮ ಅತ್ಯುತ್ತಮ ತಾಯಿಯ ಎರಡು ಗಂಡು ಮರಿಗಳ ಬೀಜ ಒಡೆಸದೆ ಉಳಿಸಿಕೊಳ್ಳಬೇಕು. ಬಂದ ಟಗರಿಗೂ ರಕ್ತ ಪರೀಕ್ಷೆ, ಮೂರು ನಾಲ್ಕು ವಾರದ ಬೇರೆ ರೊಪ್ಪ ತಪ್ಪಬಾರದು. ಜೂನ್‌ಗೆ ಕೆಲಸಕ್ಕೆ ಬೇಕಾದ ಟಗರನ್ನು ಏಪ್ರಿಲ್ ಕೊನೆಗೆ ಮನೆಗೆ ತಂದಿರಬೇಕು. ಬಿಸಿಲಿಗೆ ಬೀಜದ ಶಕ್ತಿ ಕುಗ್ಗಿ ಮತ್ತೆ ಕೂಡಿಕೊಳ್ಳಲು ಏಳು ವಾರ ಬೇಕಾಗುತ್ತದೆ, ಆದ್ದರಿಂದ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಅದನ್ನು ತಗಡಿನ ಶೆಡ್ಡಿನ ಕೆಳಗೆ ಕಟ್ಟದೆ ಹುಣಸೆಯದೋ ಹೊಂಗೆಯದೋ ನೆರಳಲ್ಲಿ ಕಟ್ಟಿ, ಪಕ್ಕದಲ್ಲಿ ನೀರಿಡಿ.